ಅವನ ಕಾರಿನಲ್ಲಿ ಯಾರು?

ವನಜಾಕ್ಷಿ ತೆಗೆದಿಟ್ಟ ದುಪಟ್ಟಾ ಕನಕರಾಜುವಿನ ಕುರ್ಚಿಯ ಕೈ ಮೇಲೆ ಬಿದ್ದಿತ್ತು!

ಕೆಲಸಕ್ಕೆ ಸೇರಿ ಇನ್ನೂ ವಾರವಾಗಿಲ್ಲ. ಆಗಲೇ ಕಲಿಯುವ ನೆಪದಲ್ಲಿ ಅವನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಇಬ್ಬರ ಊರೂ ಗುಬ್ಬಿ. ಬರುವ ಬಸ್ಸೂ ಒಂದೇ. ಎದುರು ಟೇಬಲ್ಲಿನ ತನುಶ್ರೀಗೆ ಹೊಟ್ಟೆ ಉರಿದುಹೋಯಿತು.

ಮರಳೂರಿನ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಇಷ್ಟು ದಿನ ಅವನ ಜೊತೆ ಟೀಗೆ ಹೋಗುತ್ತಿದ್ದವಳು ತಾನು! ಇಷ್ಟ ಅಂತ ಬಾಯಿಬಿಟ್ಟು ಹೇಳಿಲ್ಲ, ನಿಜ. ಅವನೂ ಹೇಳಿಲ್ಲ. ಎಲ್ಲವನ್ನೂ ಹೇಳಲೇಬೇಕೇ?

ಹೇಳಬೇಕಿತ್ತು ಕಣಮ್ಮಾ... ಹೇಳದಿದ್ದರೆ ಹೀಗೇ ಆಗುವುದು!

ಅವತ್ತು ಅವಳು ಟ್ರಾವೆಲ್ಸ್‌ನವರೊಬ್ಬರಿಗೆ ಕಂಪ್ಯೂಟರಿನಲ್ಲಿ ಫಾರ್ಮ್ ಮಾಡುತ್ತಿದ್ದಳು. ಕಾರಿನಲ್ಲಿ ಹೋಗುವವರ ಹೆಸರಿನ ಮುಂದಿರುವ ಚೌಕಕ್ಕೆ ಟಿಕ್ ಹಾಕಿ 'ತೋರಿಸು' ಒತ್ತಿದರೆ, ಟಿಕ್ ಆದ ಹೆಸರುಗಳೆಲ್ಲ ಸ್ಕ್ರೀನ್ ಮೇಲೆ ಬರಬೇಕು. ಸುಲಭದ ಕೆಲಸ. ಆದರೆ ಕಣ್ಣು ಕೋಡ್ ಮೇಲಿದ್ದರೆ ತಾನೇ? ಅದು ದುಪಟ್ಟಾ ಬಿಟ್ಟು ಕದಲಲಿಲ್ಲ.

"ಮುಗೀತು. ಟೆಸ್ಟ್ ಮಾಡಿ," ಎಂದಳು, ಅವನ ಮುಖ ನೋಡದೆ.

"ಭಾನುವಾರ ಆಫೀಸಿನೋರೆಲ್ಲ ದೇವರಾಯನದುರ್ಗಕ್ಕೆ ಹೋಗ್ತಿದೀವಲ್ಲ, ಅದನ್ನೇ ಹಾಕಿ ನೋಡ್ತೀನಿ," ಎಂದ ಕನಕರಾಜು. "ಅವತ್ತು ಬಸ್ ಬಿಟ್ಟು ಮನೆ ಕಾರು ತರ್ತೀನಿ, ಅಮ್ಮನೂ ಬರ್ತಾರೆ. ಅವ್ರಿಗೆ ಒಬ್ರನ್ನ ತೋರಿಸ್ಬೇಕು..."

ತನುಶ್ರೀ ತಟ್ಟನೆ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತಳು. ಅವನು 'ತೋರಿಸು' ಒತ್ತಿದ. ಫಾರ್ಮನ್ನೆಲ್ಲ ಮುಚ್ಚಿಕೊಂಡು ಒಂದು ಮೆಸೇಜಿನ ಡಬ್ಬಿ ಮೂಡಿತು.

ಕಾರಿನಲ್ಲಿ: ವನಜಾಕ್ಷಿ.

"ಅರೆ! ಇದೇನ್ರೀ..." ಎಂದು ಅವನು ತಿರುಗುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ.

ಮೆಟ್ಟಿಲ ಬಳಿ ನಿಂತು ಕುಣಿಗಲ್‌ಗೆ, ತಾಯಿ ಲಕ್ಷ್ಮೀದೇವಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಹುಲಿಯೂರುದುರ್ಗದ ಗಂಡು ಅಂದ್ಯಲ್ಲ... ಭಾನುವಾರ ಬರಕ್ಕೇಳು. ಒಪ್ಕೋತೀನಿ."

"ಬೇಡ ಅಂತ ಕುಣಿದಾಡ್ದ್ಯಲ್ಲೇ?"

"ಈಗ ಬೇಕು ಅಂತಿದೀನಲ್ಲ!"

ಫೋನ್ ಇಟ್ಟಳು. ಕಣ್ಣೀರು ತಡೆಯಲಾಗಲಿಲ್ಲ. 'ನನಗಿಂತ ಅವಳೇ ಹೆಚ್ಚಾದಳಾ?'

"ಅಕ್ಕಾ..." ಹಿಂದೆ ವನಜಾಕ್ಷಿ! "ಒಂಚೂರು ಬರ್ತೀರಾ? ಕನಕಣ್ಣ ಎರಡು ಹೆಸರಿಗೆ ಟಿಕ್ ಹಾಕವ್ರೆ, ಒಂದೇ ಬರ್ತೈತೆ."

ಕನಕಣ್ಣ? ಎರಡು ಹೆಸರು?

ತನುಶ್ರೀ ಓಡಿಬಂದು ಆ ಡಬ್ಬಿಯನ್ನು ಸರಿಸಿದಳು. ಟಿಕ್ ಎರಡಿದ್ದವು. ಮೊದಲು ತನುಶ್ರೀ, ಆಮೇಲೆ ವನಜಾಕ್ಷಿ.

ಒಂದು ಹೆಸರಿನ ಪಕ್ಕಕ್ಕೆ ಇನ್ನೊಂದು ಸೇರಬೇಕಿತ್ತು. ಇವಳು ಬರೆದ ಕೋಡ್‌ನಲ್ಲಿ ಎರಡನೆಯದು ಬಂದು ಮೊದಲನೆಯದನ್ನು ಅಳಿಸಿ ಕೂತಿತ್ತು. ಹೆಸರುಗಳನ್ನು ಕೂಡಿಸುವ ಒಂದು ಪ್ಲಸ್ ಚಿಹ್ನೆ ಮರೆತಿದ್ದಳು! ಅವನು ಆರಿಸಿದ ತನ್ನ ಹೆಸರನ್ನು ಹೊಟ್ಟೆಕಿಚ್ಚಿನಲ್ಲಿ ತಾನೇ ಅಳಿಸಿಕೊಂಡಿದ್ದಳು.

ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ. ವನಜಾಕ್ಷಿ ನೀರು ಕುಡಿಯಲು ಹೋದದ್ದೇ ತಡ, "ಅವಳ್ಯಾಕೆ ಮತ್ತೆ?" ಎಂದಳು.

"ಹಿಂದೆ ಅಮ್ಮನ ಜೊತೆ ಕೂತ್ಕೊಳ್ಳೋಕೆ ಒಬ್ರು ಬೇಡ್ವಾ? ನೀವು ಮುಂದೆ... ನನ್ ಪಕ್ಕ."

"ಅಮ್ಮನಿಗೆ ತೋರಿಸ್ಬೇಕು ಅಂದಿದ್ದು..."

"ನಿಮ್ಮನ್ನೇ ಕಣ್ರೀ! ನಂಗೆ ನೀವಂದ್ರೆ ತುಂಬಾ ಇಷ್ಟ. ಹೇಳೋಕೆ ಧೈರ್ಯ ಸಾಲ್ದೆ ಒದ್ದಾಡ್ತಿದ್ದೆ."

ಅವಳಿಗೆ ಮತ್ತೆ ಅಳು ಬಂತು, ಈ ಸಲ ಖುಷಿಗೆ. ಅಷ್ಟರಲ್ಲಿ ನೆನಪಾಯಿತು... ಅಯ್ಯೋ, ಹುಲಿಯೂರುದುರ್ಗದ ಗಂಡು!

ಅವನೆದುರೇ ಫೋನ್ ಮಾಡಿದಳು.

"ಅಮ್ಮಾ, ಅವ್ರಿಗೆ ಬರ್ಬೇಡಿ ಅಂತ ಹೇಳ್ಬುಡು!"

"ಈಗ್ತಾನೆ ಬನ್ನಿ ಅಂದೆ ಕಣೇ! ಏನಂತ ಹೇಳ್ಲಿ?"

"ಹುಡುಗಿ ಅತ್ತೆ ಜೊತೆ ದೇವರಾಯನದುರ್ಗಕ್ಕೆ ಹೋಗ್ತಾಳೆ ಅನ್ನು."

"ಯಾವ ಅತ್ತೆನೇ?"

"ಗುಬ್ಬಿ ಅತ್ತೆ."

"ಗುಬ್ಬೀಲಿ ನಿಂಗ್ಯಾವ ಅತ್ತೆ ಅವ್ಳೇ?"

ತನುಶ್ರೀ ಕನಕರಾಜುವನ್ನು ನೋಡಿದಳು. ಅವನ ಕಿವಿ ಕೆಂಪಾಗಿತ್ತು.

"ಇನ್ಮೇಲೆ ಇರ್ತಾರೆ ಕಣಮ್ಮಾ... ಊರಿಗೆ ಬಂದು ಎಲ್ಲ ಹೇಳ್ತೀನಿ."

ಅವಳು ಫೋನ್ ಇಡುತ್ತಲೇ ಅವನು ಮೆಲ್ಲಗೆ ಕೇಳಿದ. "ಹಂಗಾದ್ರೆ ಕುಣಿಗಲ್‌ನಲ್ಲಿ ನಂಗೂ ಒಬ್ರು ಅತ್ತೆ?"

"ಮೊದ್ಲು ಆ ದುಪಟ್ಟಾ ತೆಗ್ದು ಆಚೆ ಕುರ್ಚಿಗೆ ಹಾಕು," ಎಂದಳು ತನುಶ್ರೀ. "ಆಮೇಲೆ ಹೇಳ್ತೀನಿ!"