ಗುರುವಾರದ ನೀರು

ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಗುರುವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ವೈಟ್‌ಫೀಲ್ಡಿನ ಆಚೆ ಆಗಿನ್ನೂ ಅಪಾರ್ಟ್‌ಮೆಂಟುಗಳ ನಡುವೆ ಒಂದೊಂದು ಸೊಪ್ಪಿನ ತೋಟ ಉಳಿದಿತ್ತು. ಅಂಥ ಒಂದು ತೋಟದ ಮನೆಯಲ್ಲಿ ಶಶಿಕಲಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು.

ಹೊರಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು.

ಕಿಟಕಿಯಿಂದ ಇಣುಕಿದಳು. ಯಾರೋ ಒಬ್ಬ ಗಂಡಸು ಅವರ ಬೋರಿನ ಮುಚ್ಚಳ ತೆಗೆದು, ಪೈಪಿನೊಳಕ್ಕೆ ಏನನ್ನೋ ಇಳಿಬಿಡುತ್ತಿದ್ದಾನೆ!

ಕೈಗೆ ಸಿಕ್ಕಿದ್ದು ಪೊರಕೆ. ಅದನ್ನೇ ಹಿಡಿದು ಓಡಿದಳು.

“ಏಯ್! ಯಾರ್ರೀ ನೀವು? ನಮ್ಮ ಬೋರ್‌ಗೆ ಏನ್ ಹಾಕ್ತಿದ್ದೀರಾ?”

ಅವನು ಬೆಚ್ಚಿ ತಿರುಗಿದ. ಬಿಸಿಲಿಗೆ ಕಂದಿದ ಮುಖ, ಹೆಗಲಿಗೆ ಚೀಲ. ಎರಡು ಹೆಜ್ಜೆ ಹಿಂದೆ ಸರಿದರೂ ಕೈಯಲ್ಲಿದ್ದ ಟೇಪು ಬಿಡಲಿಲ್ಲ.

“ಏನೂ ಹಾಕ್ಲಿಕತ್ತಿಲ್ರಿ ಅಕ್ಕಾ... ಅಳೀಲಿಕತ್ತೀನ್ರಿ.”

“ಯಾರ್ರೀ ಅಕ್ಕ? ನಿಮಗಿಂತ ಚಿಕ್ಕವಳು ನಾನು!”

“ಕೈಯಾಗ ಕಸಬರಗಿ ಹಿಡಿದೋರಿಗೆ ಅಕ್ಕಾ ಅನ್ನೂದ ಚಲೋ ಅಲ್ಲೇನ್ರಿ?”

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಟೇಪಿನ ಪೆಟ್ಟಿಗೆ ‘ಪೀಂ... ಪೀಂ...’ ಎಂದು ಕೂಗಿತು.

ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಪಿಳ್ಳಮ್ಮ ತಲೆ ಎತ್ತಿದಳು. “ಏನವ್ವಾ ಅದು? ಕೋಳಿಮರಿ ಬೋರ್‌ಗೆ ಬಿದ್ದೈತಾ?”

ಅವನು ನಕ್ಕುಬಿಟ್ಟ. ಶಶಿಕಲಾಳಿಗೂ ನಗು ಬಂತು. ತಡೆದುಕೊಂಡಳು.

ಅವನ ಹೆಸರು ರೇವಣಸಿದ್ದ. ಯಾದಗಿರಿ ಕಡೆಯವನು. ನೆಲದೊಳಗಿನ ನೀರಿನ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಕೆಲಸ, ಮಾರತ್ತಹಳ್ಳಿಯಲ್ಲಿ ಬಾಡಿಗೆ ಕೋಣೆ. ಟೇಪಿನ ತುದಿಗೆ ನೀರು ತಾಗಿದ ಕೂಡಲೇ ಪೆಟ್ಟಿಗೆ ಕೂಗುತ್ತದೆ. ನೀರು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಸುತ್ತಲಿನ ಊರುಗಳಲ್ಲಿ ಪ್ರತಿ ಗುರುವಾರ ಹೀಗೆ ಅಳೆಯಬೇಕು. ಶಶಿಕಲಾಳ ಅಪ್ಪ ದೊಡ್ಡಮುನಿಯಪ್ಪ ಹಿಂದಿನ ದಿನವೇ ಒಪ್ಪಿದ್ದ. ಮನೆಯಲ್ಲಿ ಹೇಳುವುದನ್ನು ಮರೆತು ಸೊಪ್ಪಿನ ಕಟ್ಟು ಹೊತ್ತು ಮಾರ್ಕೆಟ್ಟಿಗೆ ಹೋಗಿದ್ದ.

“ಕುಡೀಲಿಕ್ಕ ನೀರು ಸಿಗ್ತದೇನ್ರಿ?”

ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನಲ್ಲಿಯಿಂದ ಚೊಂಬಿಗೆ ಹಿಡಿದು ಕೊಟ್ಟಳು. ಒಂದು ಗುಟುಕು ಕುಡಿದವನು ಕಣ್ಣು ಕಿರಿದು ಮಾಡಿದ.

“ಇನ್ನ ಚಾಪುಡಿ ಹಾಕಿದ್ರ ಸಾಕ್ರಿ.”

ಅವನು ತಮಾಷೆಗೇ ಅಂದದ್ದು. ಅವಳಿಗೆ ಮಾತ್ರ ಚುರುಕ್ಕೆಂದಿತು. ಬೋರು ಅಂಗಳದಲ್ಲೇ ಇದೆ... ಮನೆಗೆ ಬಂದವರಿಗೆ ಬಿಸಿನೀರು ಕೊಟ್ಟೆನಲ್ಲ!

ಆ ಸಂಜೆ ದೊಡ್ಡಮುನಿಯಪ್ಪ ಹೇಳಿದ. “ಬುಧವಾರ ಸಂಜೆಯಿಂದ ಆ ಹುಡುಗ ಬಂದು ಅಳೆಯೋ ತಂಕ ಮೋಟ್ರು ಮುಟ್ಟಂಗಿಲ್ಲ. ಮಾತು ಕೊಟ್ಟಿವ್ನಿ. ಸೊಪ್ಪು ಒಂದಿನ ಬಾಡಿದ್ರೂ ಚಿಂತೆಯಿಲ್ಲ.”

ಏಕೆ ಮುಟ್ಟಬಾರದು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ದೊಡ್ಡಮುನಿಯಪ್ಪ ಹೆಚ್ಚು ಮಾತಿನವನಲ್ಲ. ಅಕ್ಕಪಕ್ಕದ ಬೋರುಗಳೆಲ್ಲ ಟ್ಯಾಂಕರಿಗೆ ನೀರು ಮಾರುತ್ತಿದ್ದಾಗ, “ನನ್ನ ಸೊಪ್ಪಿಗೆ ಸಾಕು” ಎಂದು ಒಂದೇ ಮಾತಿನಲ್ಲಿ ಟ್ಯಾಂಕರಿನವರನ್ನು ಹಿಂದಕ್ಕೆ ಕಳಿಸಿದ್ದ. ಆ ಊರಲ್ಲಿ ಟ್ಯಾಂಕರಿಗೆ ಕೊಡದ ಬೋರು ಅದೊಂದೇ. ರೇವಣಸಿದ್ದನಿಗೆ ಬೇಕಾಗಿದ್ದೂ ಅಂಥದ್ದೇ.

ಮುಂದಿನ ಗುರುವಾರ ಅವನು ಬಂದದ್ದು ಮಧ್ಯಾಹ್ನ. ನೆತ್ತಿಯ ಮೇಲೆ ಸೂರ್ಯ.

ಅವನು ಬರುವುದಕ್ಕೆ ಸ್ವಲ್ಪ ಮೊದಲು ಶಶಿಕಲಾ ಮೋಟಾರಿನ ಸ್ಟಾರ್ಟರ್ ಹತ್ತಿರ ನಿಂತು ಯೋಚಿಸಿದಳು. ಅಪ್ಪ ಹೇಳಿದ್ದು ತೋಟಕ್ಕೆ ನೀರು ಬಿಡಬೇಡ ಅಂತ ತಾನೆ... ಒಂದು ಚೊಂಬಿಗೆ ಏನಾಗ್ತದೆ?

ಹಸಿರು ಗುಂಡಿ ಒತ್ತಿದಳು. ಪೈಪಿನಲ್ಲಿ ಕಾದು ನಿಂತ ನೀರು ಮೊದಲು ಬಂತು. ಅದನ್ನು ಕನಕಾಂಬರದ ಪಾತಿಗೆ ಹರಿಯಬಿಟ್ಟಳು. ಬಹಳ ಹೊತ್ತು ಹರಿಯಿತು. ಕೈಯೊಡ್ಡಿ ನೋಡುತ್ತಲೇ ಇದ್ದಳು. ಬೆರಳಿಗೆ ತಣ್ಣಗೆ ತಾಗಿದ ಮೇಲೆ ಹಿತ್ತಾಳೆ ಚೊಂಬು ತುಂಬಿಸಿ ಮೋಟಾರು ನಿಲ್ಲಿಸಿದಳು.

ಅಳೆದು ಮುಗಿಸಿ ಬಂದವನು ಚೊಂಬು ಎತ್ತಿ ಗಟಗಟ ಕುಡಿದ. ಬಾಯಿ ಒರೆಸಿಕೊಂಡು ಅವಳನ್ನೇ ನೋಡಿದ.

“ಎಷ್ಟು ತಣ್ಣಗ ಅದರಿ!”

ಅಷ್ಟೇ ಸಾಕಾಯಿತು ಶಶಿಕಲಾಳಿಗೆ. ಅಂದಿನಿಂದ ಪ್ರತಿ ಗುರುವಾರ ಅವಳು ಅದನ್ನೇ ಮಾಡಿದಳು.

ನೀರು ಕುಡಿದ ಮೇಲೆ ಅವನು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ.

“ಬಂಡೆ ಒಳಗೆ ನೀರು ಹೆಂಗಿರ್ತದೆ ಸಾರ್? ಗಟ್ಟಿ ಅಲ್ವಾ ಅದು?” ಒಮ್ಮೆ ಕೇಳಿದಳು.

“ಮ್ಯಾಲಿಂದ ಗಟ್ಟಿ ಕಾಣ್ತದರಿ. ಒಳಗ ಸಣ್ಣ ಸಣ್ಣ ಸೀಳು ಇರ್ತಾವ. ಅದರಾಗ ಓಡಾಡ್ತದ. ಯಾವ ಸೀಳು ಎಲ್ಲಿ ಕೂಡ್ತದ ಅಂತ ಕಣ್ಣಿಗೆ ಕಾಣೂದಿಲ್ಲ. ಹಿಂಗ ಹೊರಗ ನಿಂತು, ಅಳದು ಅಳದು ತಿಳ್ಕೋಬೇಕು.”

ಪಿಳ್ಳಮ್ಮ ನಡುವೆ ಬಾಯಿ ಹಾಕಿದಳು. “ಅಂಗಾದ್ರೆ ನೀನು ಒಳ್ಳೆ ಗಂಡನೇ ಆಯ್ತೀಯ ಬಿಡು. ನಮ್ಮೋನು ಅರವತ್ತು ವರ್ಷ ಕೂಡಿದ್ರೂ ಒಳಗೇನೈತೆ ಅಂತ ತಿಳ್ಕಳ್ಳಿಲ್ಲ.”

“ಅಜ್ಜೀ!” ಶಶಿಕಲಾ ಒಳಗೆ ಓಡಿದಳು.

ಬೇಸಿಗೆ ಹೋಯಿತು. ಆಷಾಢದ ಗಾಳಿ ಹೋಯಿತು. ಶ್ರಾವಣದಲ್ಲಿ ಒಳ್ಳೆಯ ಮಳೆ. ಸುತ್ತಲಿನ ಬೋರುಗಳಲ್ಲೆಲ್ಲ ನೀರು ಮೇಲೇರಿತು. ದೊಡ್ಡಮುನಿಯಪ್ಪನ ಬೋರಿನಲ್ಲಿ ಮಾತ್ರ ಪೆಟ್ಟಿಗೆ ಕೂಗುವುದು ಆಳದಲ್ಲೇ. ರೇವಣಸಿದ್ದ ಈಚೆಗೆ ಚೊಂಬು ಹಿಡಿದುಕೊಂಡೇ ಯೋಚನೆಗೆ ಬೀಳುತ್ತಿದ್ದ. ನನ್ನ ಮೇಲೆ ಏನಾದ್ರೂ ಬೇಜಾರಾ... ಎಂದು ಅವಳು ಒಳಗೊಳಗೇ ಕೊರಗಿದಳು.

ಭಾದ್ರಪದದಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟೇ ಇರಲಿಲ್ಲ. ಯಾರ ಮೋಟಾರೂ ಓಡಲಿಲ್ಲ. ಆ ಮಂಗಳವಾರ ರೇವಣಸಿದ್ದ ಹೇಳದೆ ಬಂದ. ಟೇಪು ಇಳಿಬಿಟ್ಟ. ಎಂದಿಗಿಂತ ಎರಡಾಳು ಮೇಲೆಯೇ ಪೆಟ್ಟಿಗೆ ಕೂಗಿತು.

ಅವನ ಮುಖ ಬಿಗಿಯಿತು. ಕೊತ್ತಂಬರಿ ಕೀಳುತ್ತಿದ್ದ ದೊಡ್ಡಮುನಿಯಪ್ಪನ ಹತ್ತಿರ ಹೋದ.

“ಯಜಮಾನ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೋಟ್ರು ಓಡಿದ್ರ ನೀರು ಇಳೀತದ, ಮತ್ತ ಏರ್ಲಿಕ್ಕ ಹೊತ್ತು ಹಿಡೀತದ ಅಂತ ಮೊದಲ ಹೇಳಿದ್ದೆ. ಗುರುವಾರ ಬಂದಾಗಷ್ಟ ನಿಮ್ಮ ನೀರು ಕೆಳಗಿರ್ತದ. ಬುಧವಾರ ರಾತ್ರಿ... ಟ್ಯಾಂಕರಿಗೆ ಕೊಡ್ತೀರೇನ್ರಿ?”

ದೊಡ್ಡಮುನಿಯಪ್ಪನ ಕೈ ನಿಂತಿತು.

“ಮಾತು ಕೊಟ್ಟಿದ್ನಲ್ಲಪ್ಪ ನಿಂಗೆ.”

“ಹೌದ್ರಿ. ಆದ್ರ ನೀರು ಬ್ಯಾರೆ ಹೇಳ್ತದ.”

“ಅಂಗಾದ್ರೆ ನೀರನ್ನೇ ನಂಬ್ಕೋ. ಇನ್ಮೇಲೆ ಈ ಕಡೆ ಬರಬೇಡ.”

ಬಾಗಿಲಲ್ಲಿ ನಿಂತಿದ್ದ ಶಶಿಕಲಾಳಿಗೆ ಎಲ್ಲವೂ ಕೇಳಿಸಿತು. ಮೋಟ್ರು ಓಡಿದರೆ ನೀರು ಇಳಿಯುತ್ತದೆ... ಅಯ್ಯೋ! ನಾನು... ನನ್ನ ಒಂದು ಚೊಂಬು ನೀರು!

ಹೇಳಬೇಕೆಂದು ಬಾಯಿ ತೆರೆದಳು. ಏನಂತ ಹೇಳುವುದು? ಏಕೆ ಹಾಕಿದೆ ಅಂದರೆ? ಯಾರಿಗಾಗಿ ಅಂದರೆ?

ರೇವಣಸಿದ್ದ ತಲೆ ತಗ್ಗಿಸಿ ಹೊರಟುಹೋದ. ಅವಳ ಕಡೆ ನೋಡಲೂ ಇಲ್ಲ.

ಆ ದಿನ ದೊಡ್ಡಮುನಿಯಪ್ಪ ಮುದ್ದೆ ಮುಟ್ಟಲಿಲ್ಲ. ಮರುದಿನವೂ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯಿತು.

“ಈ ವಯಸ್ನಾಗೆ ಸುಳ್ಳ ಅನ್ನಿಸ್ಕೊಂಬಿಟ್ನಲ್ಲವ್ವಾ,” ಎಂದ ತಾಯಿಯ ಹತ್ತಿರ.

ಪಿಳ್ಳಮ್ಮ ಮೊಮ್ಮಗಳ ಕಡೆ ನೋಡಿದಳು. ಪ್ರತಿ ಗುರುವಾರ ಜಗುಲಿಯ ಮುಂದೆ ಪಾತಿಗೆ ಹರಿಯುವ ನೀರು ಅವಳ ಕಣ್ಣಿಗೆ ಕಂಡೇ ಇತ್ತು.

ಶಶಿಕಲಾಳಿಗೆ ಆ ನೋಟ ತಡೆಯಲಾಗಲಿಲ್ಲ. ಹೇಳಿದರೆ ಅಪ್ಪನ ಮುಂದೆ ತನ್ನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅಪ್ಪ ಬದುಕಿರುವವರೆಗೂ ಸುಳ್ಳನೇ.

“ಅಪ್ಪಾ... ಮೋಟ್ರು ಹಾಕ್ತಿದ್ದಿದ್ದು ನಾನು.”

ದೊಡ್ಡಮುನಿಯಪ್ಪ ಕತ್ತೆತ್ತಿದ.

“ಯಾಕವ್ವಾ?”

“ಅವರು ಬಿಸಿಲಲ್ಲಿ ಬರ್ತಿದ್ರು... ಟ್ಯಾಂಕ್ ನೀರು ಕಾದಿರ್ತಿತ್ತು... ತಣ್ಣಗಿರೋದು ಕೊಡೋಣ ಅಂತ...”

ಅವನು ಬೈಯಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ.

ಹೋಗಿದ್ದು ಮಾರತ್ತಹಳ್ಳಿಗೆ. ಅಲ್ಲಿ ಅವನು ರೇವಣಸಿದ್ದನಿಗೆ ಹೇಳಿದ್ದು ಇಷ್ಟೇ: “ನಾಳೆ ಗುರುವಾರ, ಒಂದ್ಸಲ ಬಂದು ಅಳೆದು ನೋಡು. ಆಮೇಲೆ ಮಾತಾಡಾನ.”

ಆ ಗುರುವಾರ ದೊಡ್ಡಮುನಿಯಪ್ಪ ಮಾರ್ಕೆಟ್ಟಿಗೆ ಹೋಗಲಿಲ್ಲ. ಮಳೆ ಬಿಟ್ಟು ಬಿಸಿಲು ಸುಡುತ್ತಿತ್ತು. ರೇವಣಸಿದ್ದ ಮಧ್ಯಾಹ್ನಕ್ಕೇ ಬಂದ, ಯಾರನ್ನೂ ಮಾತಾಡಿಸದೆ ಟೇಪು ಇಳಿಬಿಟ್ಟ.

‘ಪೀಂ...!’

ಇಷ್ಟು ಬೇಗ! ಮತ್ತೆ ಎಳೆದು ಮತ್ತೆ ಇಳಿಬಿಟ್ಟ. ಅದೇ ಜಾಗ. ಮಂಗಳವಾರ ಇದ್ದಷ್ಟೇ ಮೇಲೆ.

ಗೊಂದಲದಲ್ಲಿ ಜಗುಲಿಗೆ ಬಂದ. ಅಭ್ಯಾಸದಂತೆ ಕೈ ಚಾಚಿದ. ಶಶಿಕಲಾ ಅದೇ ಹಿತ್ತಾಳೆ ಚೊಂಬು ಕೊಟ್ಟಳು. ಒಂದು ಗುಟುಕು ಕುಡಿದು ನಿಂತುಬಿಟ್ಟ.

“ಕಾದದರಿ...”

“ಇವತ್ತು ಮೋಟ್ರು ಹಾಕಿಲ್ಲ.”

ಅವನು ಚೊಂಬು ನೋಡಿದ. ಬೋರಿನ ಕಡೆ ನೋಡಿದ. ಒಣಗಿದ್ದ ಕನಕಾಂಬರದ ಪಾತಿ ನೋಡಿದ. ಕೊನೆಗೆ ಅವಳನ್ನು ನೋಡಿದ.

“ಅಂದ್ರ... ಇಷ್ಟು ದಿನ...”

“ಹೂಂ. ನೀವು ಬರೋಕೆ ಮುಂಚೆ. ತಪ್ಪಾಯ್ತು... ನಿಮ್ಮ ಕೆಲಸ ಎಲ್ಲ ಕೆಡಿಸ್ಬಿಟ್ಟೆ.” ಅವಳ ಕಣ್ಣು ತುಂಬಿತು. “ನಮ್ಮಪ್ಪ ಸುಳ್ಳ ಅಲ್ಲ!”

ರೇವಣಸಿದ್ದ ಚೊಂಬು ಕೆಳಗಿಟ್ಟು ನೇರ ಹೋಗಿ ದೊಡ್ಡಮುನಿಯಪ್ಪನ ಕಾಲು ಮುಟ್ಟಿದ. “ಬಾಯಿಗೆ ಬಂದಂಗ ಅಂದ್ಬಿಟ್ಟೆ ಯಜಮಾನ್ರ.”

“ಏಳಪ್ಪ, ಏಳು,” ಎಂದ ಅವನು. ಅದಕ್ಕಿಂತ ಹೆಚ್ಚು ಅವನಿಗೆ ಬರುತ್ತಿರಲಿಲ್ಲ.

ಪಿಳ್ಳಮ್ಮ ಬಿಡುವವಳೇ? “ಏನಪ್ಪಾ, ನಿನ್ನ ಪೆಟ್ಟಿಗೆ ನೀರು ಎಲ್ಲೈತೆ ಅಂತ ಮಾತ್ರ ಯೋಳ್ತದಾ? ಯಾಕೆ ಕಮ್ಮಿ ಆಯ್ತು ಅಂತ ಯೋಳಾಕಿಲ್ವಾ?”

ರೇವಣಸಿದ್ದನ ಕಿವಿ ಕೆಂಪಾಯಿತು. ತಾಯಿ ಮಗ ಇಬ್ಬರೂ ಸೊಪ್ಪಿನ ಕಡೆ ನಡೆದರು. ಅಂಗಳದಲ್ಲಿ ಇವರಿಬ್ಬರೇ.

“ಇಷ್ಟು ತಿಂಗಳಿನ ಲೆಕ್ಕ ಬಿಟ್ಟುಬಿಡಬೇಕಾಗ್ತದರಿ,” ಎಂದ ಮೆಲ್ಲಗೆ. “ಸಾಹೇಬ್ರು ಬಯ್ತಾರ. ಬಯ್ಯಲಿ. ತಪ್ಪು ನಿಮ್ಮೊಬ್ಬರದ ಅಲ್ಲ.”

“ನಿಮ್ಮದೇನು ತಪ್ಪು?”

“ಮಾರತ್ತಹಳ್ಳಿಯಿಂದ ಬಂದ್ರ ಮೊದಲು ಸಿಗೂದ ನಿಮ್ಮ ಬೋರು. ಮೊದಲ ವಾರ ಹತ್ತಕ್ಕ ಬಂದಿದ್ದೆ, ನೆನಪದೇನ್ರಿ? ಆಮ್ಯಾಲ ನಾನ ಕಡೀಕ ಇಟ್ಕೊಂಡೆ. ಎಲ್ಲಾ ಮುಗಿಸಿ ಬಂದ್ರ... ಇಲ್ಲಿ ಒಂದಿಷ್ಟು ಹೊತ್ತು ಕುಂದರಬಹುದು ಅಂತ.”

ಹಾಗಾದರೆ... ಆ ಮಧ್ಯಾಹ್ನದ ಬಿಸಿಲು, ಆ ಬಾಯಾರಿಕೆ...

“ಬಿಸಿಲಲ್ಲಿ ಯಾಕೆ ಬರ್ತಾರೋ ಪಾಪ ಅಂತ ನಾನು ಅಷ್ಟೊಂದು ಮರುಗ್ತಿದ್ದೆ!” ಅಳುವಿನ ನಡುವೆಯೇ ನಕ್ಕಳು.

“ನಮ್ಮವ್ವನ್ನ ಕರಕೊಂಡು ಬರ್ತೀನಿ. ನಿಮ್ಮ ಅಪ್ಪಾಜಿ ಹತ್ರ ಕೇಳಸ್ತೀನಿ. ಒಲ್ಲೆ ಅನ್ನಂಗಿದ್ರ ಈಗ ಹೇಳ್ರಿ... ಕಸಬರಗಿ ತರಬ್ಯಾಡ್ರಿ.”

ಅವಳು ಕೆಳಗಿದ್ದ ಚೊಂಬು ಎತ್ತಿ ಮತ್ತೆ ಅವನ ಕೈಗೆ ಕೊಟ್ಟಳು. ಕಾದ ನೀರನ್ನು ಅವನು ಪೂರ್ತಿ ಕುಡಿದ.

ದೀಪಾವಳಿ ಕಳೆದ ಮೇಲೆ ಅವನ ತಾಯಿ ದೇವಕ್ಕ ರೊಟ್ಟಿಯ ಗಂಟು ಹೊತ್ತು ಬಂದಳು. ಅವಳ ಮಾತು ಪಿಳ್ಳಮ್ಮನಿಗೆ ಅರ್ಧ ತಿಳಿಯಲಿಲ್ಲ, ಪಿಳ್ಳಮ್ಮನದು ಅವಳಿಗೂ ಅಷ್ಟೇ. ಆದರೂ ಮಾತು ಮುಗಿಯಿತು. ಮಾಘದಲ್ಲಿ ಮದುವೆ.

ಅಷ್ಟರಲ್ಲಿ ಸಂಸ್ಥೆಯವರು ಅವನನ್ನು ರಾಯಚೂರು ಕಡೆಯ ಬಾವಿಗಳನ್ನು ಅಳೆಯಲು ಹಾಕಿದ್ದರು. ಇಲ್ಲಿಯ ಗುರುವಾರದ ಕೆಲಸವನ್ನು ದೊಡ್ಡಮುನಿಯಪ್ಪ ತಾನೇ ಕಲಿತುಕೊಂಡ. ಪೆಟ್ಟಿಗೆ ಕೂಗಿದಾಗಲೆಲ್ಲ ಪಿಳ್ಳಮ್ಮ ‘ಮರಿ ಕೂಗ್ತು’ ಎನ್ನುತ್ತಿದ್ದಳು.

ಹೊಸ ಜೋಡಿ ರಾಯಚೂರಿಗೆ ಹೊರಡುವುದು ಗುರುವಾರ ಎಂದು ನಿಶ್ಚಯವಾಗಿತ್ತು. ದೊಡ್ಡಮುನಿಯಪ್ಪ ಒಪ್ಪಲಿಲ್ಲ. “ಗುರುವಾರ ಮೋಟ್ರು ಹಾಕಂಗಿಲ್ಲ. ನನ್ನ ಮಗಳು ಬಿಸಿನೀರು ಕುಡಿದು ಓಗೋದು ಬ್ಯಾಡ.”

ಮರುದಿನ ಅವನೇ ಗುಂಡಿ ಒತ್ತಿದ. ಕಾದ ನೀರನ್ನು ಕನಕಾಂಬರಕ್ಕೆ ಹರಿಯಬಿಟ್ಟ. ತಣ್ಣಗಾದ ಮೇಲೆ ಹಿತ್ತಾಳೆ ಚೊಂಬು ತುಂಬಿಸಿ ಮಗಳ ಕೈಗಿಟ್ಟ. ಅವಳು ಅರ್ಧ ಕುಡಿದು ಗಂಡನಿಗೆ ಕೊಟ್ಟಳು.

“ಅಲ್ಲಿ ನೀರು ಹೆಂಗಿರ್ತದೆ?”

“ಕಾದಿರ್ತದ. ಸ್ವಲ್ಪ ಉಪ್ಪೂ ಇರ್ತದ.”

“ಮತ್ತೆ ಹೆಂಗೆ ಕುಡೀತೀರಾ?”

“ನೀ ಕೊಡು. ಕುಡೀತೀನಿ.”

ಹಿತ್ತಾಳೆ ಚೊಂಬನ್ನು ಅವಳು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನದ ಬಸ್ಸಿಗೆ ಶಶಿಕಲಾ ಊರು ಬಿಟ್ಟಳು. ಅಂದು ಶುಕ್ರವಾರ.