ಅಳಿಸದೆ ಬಿಟ್ಟ ಮೂರು ಡಿಸೈನು

2025ರ ಫೆಬ್ರವರಿ 11, ಮಂಗಳವಾರ. ಬೆಳಗಿನ 10:40ಕ್ಕೆ ಚಾದರ ಕಾರ್ಖಾನೆಯ ಮಾಲೀಕ ರಾಚಪ್ಪ ಸೋಲಾಪುರದ ಕೈಗಾರಿಕಾ ಪ್ರದೇಶದ ಎಂಐಡಿಸಿ ಪೊಲೀಸ್ ಠಾಣೆಗೆ ಬಂದ. ಇನ್‌ಸ್ಪೆಕ್ಟರ್ ಕುಮುದಿನಿ ಇನಾಮದಾರ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೂವತ್ತೊಂದು ಡಿಸೈನ ಹೋಗ್ಯಾವ್ರಿ ಮ್ಯಾಡಮ್. ಆರು ತಿಂಗಳ ಕೆಲಸ. ಬರೋ ಸೋಮವಾರ ಪರದೇಶದ ಗಿರಾಕಿ ಬರಾಕತ್ತಾರ. ನಾ ಅವ್ರಿಗೆ ಏನ್ ತೋರಸ್ಲಿ?"

"ಕದ್ದಾರೋ, ಅಳಿಸ್ಯಾರೋ?"

"ಅಳಿಸ್ಯಾರ. ಯಾರಂತ ಈ ದೂರಿನಾಗಽ ಬರದೀನಿ, ಓದ್ರಿ."

ಮರಾಠಿಯಲ್ಲಿ ಟೈಪ್ ಮಾಡಿದ ದೂರಿನಲ್ಲಿ ಒಂದೇ ಹೆಸರಿತ್ತು: ದೀಪಾಲಿ, ವಯಸ್ಸು 29, ಕುಂಭಾರಿ ಗ್ರಾಮ. ಅದೇ ಕಾರ್ಖಾನೆಯ ಮುಖ್ಯ ಡಿಸೈನರ್.

ಐಟಿ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಕುಮುದಿನಿ ಕಲಂ 66ರ ಅಡಿಯಲ್ಲಿ ಎಫ್‌ಐಆರ್ ದಾಖಲಿಸಿ, ಸೈಬರ್ ತರಬೇತಿ ಪಡೆದಿದ್ದ ಕಾನ್‌ಸ್ಟೇಬಲ್ ವೇದಾಂತನನ್ನು ಕರೆದುಕೊಂಡು ಅಕ್ಕಲಕೋಟ ರಸ್ತೆಯ ಕಾರ್ಖಾನೆಗೆ ಹೊರಟಳು.

ಮಗ್ಗಗಳ ಶೆಡ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಸರ್ವರ್ ಇತ್ತು. ವೇದಾಂತ ಅದರ ಮುಂದೆ ಮುಕ್ಕಾಲು ಗಂಟೆ ಕೂತ.

"ಮಷಿನ್ ಒಂದಽ ರಿ, ಆದ್ರ ಒಳಗ ಐದು ಕಂಪ್ಯೂಟರ್ ಇದ್ದಂಗ ಮಾಡ್ಯಾರ. ವರ್ಚುವಲ್ ಮಷಿನ್ ಅಂತಾರ. ಒಬ್ಬೊಬ್ಬ ಡಿಸೈನರ್‌ಗ ಒಂದೊಂದು. ಮನ್ಯಾಗ ಕೂತರೂ ನೆಟ್ ಮ್ಯಾಲ ತಮ್ಮ ಮಷಿನ್ ತಗದು ಕೆಲಸ ಮಾಡ್ತಾರ. ಫೈಲ್ ಮಾತ್ರ ಇಲ್ಲಿಂದ ಹೊರಗ ಹೋಗಂಗಿಲ್ಲ."

"ಹೊರಗ ಹೋಗಂಗಿಲ್ಲ ಖರೆ, ಹೊರಗಿನವ್ರು ಒಳಗ ಬರಬಹುದಲ್ಲ."

"ಬಂದಾರ್ರಿ. ನಿನ್ನಿ ಮಧ್ಯಾಹ್ನ 12:17ರಿಂದ 12:46. ದೀಪಾಲಿ ಹೆಸರು, ದೀಪಾಲಿ ಪಾಸ್‌ವರ್ಡ್, ದೀಪಾಲಿ ಮನಿ ಲ್ಯಾಪ್‌ಟಾಪ್. ನಂಬಿಕಿ ಲ್ಯಾಪ್‌ಟಾಪ್ ಅಂತ ಮೊದಲಽ ಗುರುತು ಮಾಡಿಟ್ಟಾರ. ಅದಕ್ಕ ಒಟಿಪಿನೂ ಕೇಳಿಲ್ಲ."

ಮಷಿನ್ ಹಿಂದೆ ಹೇಗಿತ್ತೋ ಹಾಗೆ ತೆಗೆದಿಟ್ಟುಕೊಂಡ ನಕಲುಗಳು, ಅಂದರೆ ಸ್ನ್ಯಾಪ್‌ಶಾಟ್‌ಗಳು, ಅವೂ ಇರಲಿಲ್ಲ. ಲಾಗ್ ಪ್ರತಿಗಳನ್ನು ಸೀಲ್ ಮಾಡಿ ಇಬ್ಬರು ಪಂಚರ ಸಹಿಯೊಂದಿಗೆ ಪಂಚನಾಮೆ ಮುಗಿಯುವ ಹೊತ್ತಿಗೆ ಮೂರು ಗಂಟೆ.

3:15ಕ್ಕೆ ಕುಮುದಿನಿ ಕಾರ್ಖಾನೆಯ ಆಫೀಸಿನಲ್ಲೇ ದೀಪಾಲಿಯನ್ನು ವಿಚಾರಿಸಿದಳು. ದೀಪಾಲಿ ಎದ್ದೇ ನಿಂತಿದ್ದಳು. ಅತ್ತು ಮುಗಿಸಿದ ಮುಖ.

"ನಿನ್ನಿ ಮಧ್ಯಾಹ್ನ ಎಲ್ಲಿದ್ದಿ?"

"ಅಕ್ಕಲಕೋಟದಾಗ್ರಿ. ಅತ್ತಿಯವ್ರ ಕಣ್ಣು ತೋರಸಾಕ ರಜಾ ಹಾಕಿದ್ದೆ."

"ಲ್ಯಾಪ್‌ಟಾಪ್?"

"ಮನ್ಯಾಗ ಇತ್ರಿ. ನಾ ಎರಡು ದಿನದಿಂದ ಅದನ್ನ ತಗದಽ ಇಲ್ಲ."

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತದ?"

ದೀಪಾಲಿ ಕಣ್ಣು ತಪ್ಪಿಸಿದಳು. "ನನಗಷ್ಟಽ ರಿ."

ಹೊರಗೆ ರಾಚಪ್ಪ ಕಾಯುತ್ತಿದ್ದ. "ಆಕೀಗೆ ಬ್ಯಾರೆ ಮಿಲ್ಲಿನವ್ರು ಕರ್ಯಾಕತ್ತಾರ್ರಿ. ಹೋದ ತಿಂಗಳಽ ಚಾದರದ ಲೇಬಲ್ ಮ್ಯಾಲ ಆಕಿ ಹೆಸರು ಹಾಕಿಸೇನಿ. ಯಾವ ಮಾಲಕ ಹಾಕಸ್ತಾನ್ರಿ ಹಂಗ? ತಲಿಗೇರ್ತು."

ಫೆಬ್ರವರಿ 13, ಗುರುವಾರ ಸಂಜೆ 5:10ಕ್ಕೆ ಇಂಟರ್ನೆಟ್ ಕಂಪನಿಯ ಉತ್ತರ ಬಂತು. ಆ ಇಪ್ಪತ್ತೊಂಬತ್ತು ನಿಮಿಷದ ಸಂಪರ್ಕ ಅಕ್ಕಲಕೋಟದ ಒಂದು ಕಂಪ್ಯೂಟರ್ ಕ್ಲಾಸಿನದು.

"ಆಕಿನೂ ಅಕ್ಕಲಕೋಟದಾಗಽ ಇದ್ಳಲ್ರಿ!" ವೇದಾಂತ ಟೇಬಲ್ ತಟ್ಟಿದ. "ಸಿಕ್ಕಳು ಬಿಡ್ರಿ."

ಕುಮುದಿನಿ ಬೆಳಗ್ಗೆಯೇ ತರಿಸಿಟ್ಟಿದ್ದ ಕಣ್ಣಿನ ದವಾಖಾನೆಯ ಸಿಸಿಟಿವಿ ತುಣುಕನ್ನು ಅವನ ಮುಂದೆ ಹಾಕಿದಳು. ದೀಪಾಲಿ 11:52ಕ್ಕೆ ಒಳಗೆ ಬಂದಿದ್ದಳು, 1:20ಕ್ಕೆ ಹೊರಗೆ ಹೋಗಿದ್ದಳು. ನಡುವಿನ ಹೊತ್ತೆಲ್ಲ ಅತ್ತೆ ಅಕ್ಕನಾಗಮ್ಮನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಔಷಧಿಯ ಚೀಲ ಬಿಟ್ಟು ಇನ್ನೇನೂ ಇರಲಿಲ್ಲ.

"ಹಂಗಾರ ಕ್ಲಾಸು ಯಾರದ್ರಿ?"

"ಸ್ವಪ್ನಿಲ ಅಂತ. ಆಕಿ ಗಂಡ."

ಕುಮುದಿನಿ ಫೈಲುಗಳ ಪಟ್ಟಿಯನ್ನು ಇನ್ನೊಮ್ಮೆ ಎಳೆದುಕೊಂಡಳು. ದೀಪಾಲಿಯ ಫೋಲ್ಡರಿನಲ್ಲಿ ಮೂವತ್ನಾಲ್ಕು ಡಿಸೈನು ಇದ್ದವು. ಮೂವತ್ತೊಂದು ಹೋಗಿದ್ದವು. ಅಷ್ಟೆಲ್ಲ ಅಳಿಸಿದವನು ಮೂರನ್ನು ಯಾಕೆ ಬಿಟ್ಟ? ಅವಳು ದೀಪಾಲಿಗೆ ಫೋನ್ ಮಾಡಿದಳು.

"ಅವು ಮೂರೂ ಹಳೇವು ರಿ ಮ್ಯಾಡಮ್. ಲಗ್ನಕ್ಕಿಂತ ಮೊದಲು ನಾ ಅವ್ರ ಕ್ಲಾಸಿಗೆ ಹೋಗ್ತಿದ್ನಲ್ಲ, ಆವಾಗ ಇಬ್ಬರೂ ಕೂಡಿ ಮಾಡಿದ್ದು. ಕೆಲಸಕ್ಕ ಬರಂಗಿಲ್ಲ, ಸುಮ್ಮ ಇಟ್ಟೀನಿ."

ಕುಮುದಿನಿ ಫೋನ್ ಕೆಳಗಿಟ್ಟಳು. ತನಗೆ ಇನ್‌ಸ್ಪೆಕ್ಟರ್ ಬಡ್ತಿ ಬಂದ ದಿನ ಗಂಡ ವಿಶ್ವನಾಥ ಇಡೀ ಓಣಿಗೆ ಪೇಢೆ ಹಂಚಿದ್ದ. ಆಮೇಲೆ ಎಂಟು ದಿನ ಸಾರಿಗೆ ಉಪ್ಪು ಕಡಿಮೆ, ಅಂಗಿಗೆ ಇಸ್ತ್ರಿ ಸರಿಯಿಲ್ಲ ಎಂದು ತಪ್ಪು ಹುಡುಕುತ್ತಲೇ ಇದ್ದ. ಒಂಬತ್ತನೆಯ ದಿನ ತಾನೇ ಚಹಾ ಮಾಡಿ ತಂದುಕೊಟ್ಟಿದ್ದ. ಎಲ್ಲ ಗಂಡಂದಿರಿಗೂ ಆ ಒಂಬತ್ತನೆಯ ದಿನ ಬರುವುದಿಲ್ಲ.

ಆದರೆ ಇದನ್ನು ಕೋರ್ಟಿಗೆ ಹೇಳಲಾಗುವುದಿಲ್ಲ. ಅವಳು ರಾಚಪ್ಪನಿಗೆ ಫೋನ್ ಹಚ್ಚಿದಳು.

"ಸ್ನ್ಯಾಪ್‌ಶಾಟ್ ಅಳಸಾಕ ಅಡ್ಮಿನ್ ಪಾಸ್‌ವರ್ಡ್ ಬೇಕಂತ. ದೀಪಾಲಿಗೆ ಕೊಟ್ಟಿದ್ರೇನು?"

"ಇಲ್ರಿ. ನನ್ನ ಹಂತ್ಯಾಕ ಅಷ್ಟಽ."

"ಸರ್ವರ್ ಹಾಕಿಕೊಟ್ಟವ್ರು ಯಾರು?"

"ಸ್ವಪ್ನಿಲ. ಎರಡು ವರ್ಷ ಆತು."

"ಆಮ್ಯಾಲ ಪಾಸ್‌ವರ್ಡ್ ಬದಲಿ ಮಾಡಿದ್ರಿ?"

"ಇಲ್ರಿ. ಅಂವ ಮನಿಯವನಽ ಅಲ್ಲೇನ್ರಿ, ಮ್ಯಾಡಮ್?" ಎಂದ ರಾಚಪ್ಪ.

ಫೆಬ್ರವರಿ 14, ಶುಕ್ರವಾರ 11:20. ಅಕ್ಕಲಕೋಟದ ಠಾಣೆಗೆ ತಿಳಿಸಿ, ಇಬ್ಬರು ಪಂಚರೊಂದಿಗೆ ಕುಮುದಿನಿ ಕ್ಲಾಸಿನ ಮೆಟ್ಟಿಲು ಹತ್ತಿದಳು. ಪೊಲೀಸರನ್ನು ಕಂಡ ಕೂಡಲೇ ಸ್ವಪ್ನಿಲ ಮೂಲೆಯ ಲ್ಯಾಪ್‌ಟಾಪಿನತ್ತ ಧಾವಿಸಿ, ಎಲ್ಲ ಅಳಿಸಿಹಾಕುವ ರೀಸೆಟ್ ಒತ್ತಿದ. ವೇದಾಂತ ಪವರ್ ಕೇಬಲ್ ಕಿತ್ತ, ಬ್ಯಾಟರಿಯನ್ನೂ ಕಿತ್ತ. ಅದು ದೀಪಾಲಿಯ ಲ್ಯಾಪ್‌ಟಾಪ್.

"ಇದು ಇಲ್ಲಿಗೆ ಹೆಂಗ ಬಂತು?"

"ರಿಪೇರಿಗೆ ತಂದಿದ್ದೆ."

"ಯಾವಾಗ?"

"ಸೋಮವಾರ ಮುಂಜಾನಿ."

"ಆಕೀಗೆ ಗೊತ್ತಿತ್ತು?"

ಸ್ವಪ್ನಿಲ ಗೋಡೆಯತ್ತ ಮುಖ ತಿರುಗಿಸಿದ. ಗೋಡೆಯ ಮೇಲೆ ಹಳೆಯ ವಿದ್ಯಾರ್ಥಿಗಳ ಫೋಟೊಗಳಿದ್ದವು. ಒಂದರ ಕೆಳಗೆ ದೀಪಾಲಿಯ ಹೆಸರು, ಅದರ ಮುಂದೆ 'ಪ್ರಥಮ'.

"ಸಾಕ್ಷಿ ಅಳಿಸಲು ಯತ್ನ" ಎಂದು ಬಂಧನದ ಕಾರಣ ಬರೆದುಕೊಂಡು 12:05ಕ್ಕೆ ಅವನನ್ನು ವಶಕ್ಕೆ ತೆಗೆದುಕೊಂಡರು. ಸೋಲಾಪುರದ ಠಾಣೆಯಲ್ಲಿ ನೀರು ಕುಡಿದ ಮೇಲೆ ಸ್ವಪ್ನಿಲ ಬಾಯಿಬಿಟ್ಟ.

"ಮೌಸ್ ಹಿಡಿಯೋದು ನಾ ಕಲಿಸೇನ್ರಿ ಆಕೀಗೆ. ನವಿ ಪೇಠದ ಬಜಾರದಾಗ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯಂವ ಚಾದರ ಬಿಚ್ಚಿ ಲೇಬಲ್ ತೋರಿಸಿದ. ಇದು ದೀಪಾಲಿಬಾಯಿದು, ಭಾಳ ನಡೀತದ ಅಂದ. ನಾ ಆಕಿ ಗಂಡ ಅಂದೆ. ಹೌದಾ, ನೀವು ಏನ್ ಮಾಡ್ತೀರಿ ಅಂದ."

"ಅಷ್ಟಕ್ಕ ಆಕಿ ಹೆಸರಲೇ ಒಳಗ ಹೊಕ್ಕು ಅಳಿಸಿದ್ಯಾ? ಆಕಿನ ಜೇಲಿಗೆ ಕಳಸಬೇಕಂತಿದ್ದ್ಯೇನು?"

"ಇಲ್ರಿ, ದೇವರಾಣಿ ಇಲ್ರಿ. ಕೆಲಸದಿಂದ ತಗೀತಾರ, ಮನಿಗೆ ಬರ್ತಾಳ ಅಂದ್ಕೊಂಡಿದ್ದೆ. ಮತ್ತ ಮೊದಲಿಂದ ನಾನಽ ಕಲಸ್ತಿದ್ದೆ."

ವೇದಾಂತ ಬರೆಯುವುದನ್ನು ನಿಲ್ಲಿಸಿ ಕುಮುದಿನಿಯ ಮುಖ ನೋಡಿದ. ಅವಳು ಬರೆ ಎಂದು ಸನ್ನೆ ಮಾಡಿದಳು.

ಬಂಧನ ಪತ್ರದಲ್ಲಿ ಒಂದು ಕಾಲಂ ಖಾಲಿ ಉಳಿದಿತ್ತು.

"ಯಾರಿಗೆ ತಿಳಿಸಬೇಕು?" ವೇದಾಂತ ಕೇಳಿದ.

ಸ್ವಪ್ನಿಲ ದೀಪಾಲಿಯ ನಂಬರನ್ನು ಬಾಯಿಪಾಠದಿಂದ ಹೇಳಿದ. "ಆದ್ರ ಆಕಿ ಈಗ ಕೆಲಸದಾಗ ಇರ್ತಾಳ್ರಿ. ಎತ್ತಂಗಿಲ್ಲ."

ಮೊದಲ ರಿಂಗಿಗೇ ದೀಪಾಲಿ ಎತ್ತಿದಳು. ಕುಮುದಿನಿ ಎಲ್ಲವನ್ನೂ ಹೇಳಿದಳು; ಯಾವುದನ್ನೂ ಮೆದು ಮಾಡಲಿಲ್ಲ.

"ಪಾಸ್‌ವರ್ಡ್ ನಾನಽ ಕೊಟ್ಟಿದ್ನ್ರಿ," ಎಂದಳು ದೀಪಾಲಿ. "ಮೊನ್ನಿ ನಿಮಗ ಸುಳ್ಳು ಹೇಳ್ದೆ. ಗಂಡಗ ಕೊಡಬಾರದಿತ್ತೇನ್ರಿ, ಮ್ಯಾಡಮ್?"

ಕುಮುದಿನಿ, ಮರುದಿನ ಹೇಳಿಕೆ ಕೊಡಲು ಹನ್ನೊಂದಕ್ಕೆ ಠಾಣೆಗೆ ಬಾ ಎಂದಷ್ಟೇ ಹೇಳಿ ಫೋನ್ ಇಟ್ಟಳು.