ಮನೆಮಗಳ ಗುಂಡಿ

"ಯಾವ ಕುಲಮ್ಮ ನಿಂದು?"

ಎಲೆಗೆ ಸುಣ್ಣ ಸವರುತ್ತಾ ಮುದುಕಿ ಕೇಳಿದಾಗ ತೊರಾಲಿ ಒಳಗೊಳಗೇ ಹಿಗ್ಗಿದಳು. ನಮ್ಮ ಖಾಸಿ ಗುಡ್ಡಗಳಲ್ಲಿ ಹೆಸರಿಗಿಂತ ಮೊದಲು ಕೇಳುವುದು ಕುಲ. ಶಿಲ್ಲಾಂಗಿಗೆ ಕೆಲಸಕ್ಕೆ ಬಂದಾಗಿನಿಂದ ಈ ಪ್ರಶ್ನೆ ಎದುರಾದಾಗಲೆಲ್ಲ ಅವಳು "ನಾನು ಅಸ್ಸಾಮಿನವಳು, ನಗಾಂವ್" ಎಂದು ತಲೆ ತಗ್ಗಿಸುತ್ತಿದ್ದಳು. ಕೇಳಿದವರು "ಓ, ದ್ಖಾರ್" ಎಂದು ಮಾತು ಬದಲಿಸುತ್ತಿದ್ದರು. ಬಯಲಿನಿಂದ ಬಂದವರನ್ನು ನಾವು ಹಾಗೇ ಕರೆಯುವುದು. ಬೈಗುಳವೇನಲ್ಲ, ಆದರೆ ಪ್ರೀತಿಯ ಮಾತೂ ಅಲ್ಲ.

ಇವತ್ತು ಅವಳ ಹತ್ತಿರ ಉತ್ತರವಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು ಕುಲದ ಹೆಸರು ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಕುಲದವರು ಇವತ್ತಿಗೂ ನಮ್ಮ ಪೇಟೆಯಲ್ಲಿ ಓಡಾಡಿಕೊಂಡಿದ್ದಾರೆ.

ಮುದುಕಿಯ ಬೆರಳು ಎಲೆಯ ಮೇಲೇ ನಿಂತಿತು. ಅವಳು ರಸ್ತೆಯಾಚೆ ನಿಂತಿದ್ದ ಸುಮೋದ ಕಡೆ ನೋಡಿದಳು. ಗಾಡಿಯ ತಲೆಯ ಮೇಲೆ ಹಗ್ಗದ ಮೂಟೆ, ಹೆಲ್ಮೆಟ್ಟುಗಳು. ಒಳಗೆ ಐದಾಲಿನ್ ಗಾಜು ಏರಿಸಿಕೊಂಡು ಕೂತಿದ್ದಳು. ಅವಳ ತಮ್ಮ ಕಿರ್ಶಾನ್ ಕಿತ್ತಳೆಹಣ್ಣಿನವಳ ಜೊತೆ ಚೌಕಾಸಿಗೆ ನಿಂತಿದ್ದ.

"ಹುಟ್ಟಿದ್ದೇ ಆ ಕುಲದಲ್ಲಾ?"

"ಇಲ್ಲ ಅಜ್ಜಿ, ಈಚೆಗೆ ಸೇರಿಸ್ಕೊಂಡ್ರು. ಶಾಸ್ತ್ರ ಎಲ್ಲ ಮಾಡಿ, ಹೆಸರಿಟ್ಟು."

"ಹೊರಗಿನವಳಾಗೇ ಇದ್ದಿದ್ರೆ ಅವರ ಕಾಡಿನ ಗುಂಡಿ ನಿನ್ನ ಮೂಸಿಯೂ ನೋಡ್ತಿರಲಿಲ್ಲ." ಮುದುಕಿಯ ದನಿ ಇಳಿಯಿತು. "ಮನೆಮಗಳಾಗಿ ಇಳೀಬೇಡ. ನೇಪಾಳಿ ಹುಡುಗಿ ಒಬ್ಬಳಿದ್ದಳು, ಕುತ್ತಿಗೇಲಿ ಹಸಿರು ಮಣಿ. ಅವಳನ್ನೂ ಹಿಂಗೇ ಸೇರಿಸ್ಕೊಂಡ್ರು. ಇಲ್ಲೇ ನಿಂತು ಎಲೆಯಡಿಕೆ ಹಾಕ್ಕೊಂಡು, ನಗ್ತಾ ಹೋದಳು."

"ಆಮೇಲೆ?"

"ಆಮೇಲೆ ಏನು? ನಾನು ಅವಳನ್ನ ಮತ್ತೆ ನೋಡ್ಲಿಲ್ಲ."

ತೊರಾಲಿಗೆ ರೇಗಿತು. "ಚೆನ್ನಾಗಿದೆ ಅಜ್ಜಿ! ಹೊರಗಿದ್ದಾಗ ಹತ್ರ ಸೇರಿಸ್ಲಿಲ್ಲ, ಒಳಗೆ ಬಂದ್ಮೇಲೆ ಇಳೀಬೇಡ ಅಂತೀರಿ. ನಿಮ್ಮ ಅಡಿಕೆ ನಿಮಗೇ ತಲೆಗೇರಿದೆ ನೋಡಿ."

ಗಾಡಿ ಹತ್ತಿ ಇದನ್ನೇ ಅಣಕಿಸಿ ಹೇಳಿದಾಗ ಕಿರ್ಶಾನ್ ಗೊಳ್ಳೆಂದು ನಕ್ಕ. ಅವನ ನಗು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು. ಐದಾಲಿನ್ ನಗಲಿಲ್ಲ. "ಸೀಟ್ ಬೆಲ್ಟ್ ಹಾಕ್ಕೋ" ಎಂದಳು ಅಷ್ಟೇ.

ತೊರಾಲಿಯ ಅಪ್ಪ ಅಮ್ಮ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನಗಾಂವಿನ ಚಿಕ್ಕಪ್ಪನ ಮನೆಯಲ್ಲಿ, ಎಲ್ಲರ ಊಟವಾದ ಮೇಲೆ ತಟ್ಟೆ ಹಾಕಿಸಿಕೊಂಡು ಬೆಳೆದವಳು. ಐದಾಲಿನ್ ಅವಳಿಗೆ ಸಿಕ್ಕಿದ್ದು ಗುಹೆ ಇಳಿಯುವವರ ಬಳಗದಲ್ಲಿ. ಹಗ್ಗ ಕಟ್ಟುವುದು, ಕತ್ತಲಲ್ಲಿ ಉಸಿರು ಹಿಡಿತದಲ್ಲಿಟ್ಟುಕೊಳ್ಳುವುದು, ಎಲ್ಲ ಕಲಿಸಿದವಳು ಅವಳೇ. ಮನೆಗೆ ಕರೆದು ಅನ್ನ ಹಂದಿಮಾಂಸ ಬಡಿಸಿದಳು, ತನ್ನ ಪುಟ್ಟ ಮಗಳು ಇಬಾಳನ್ನು ತೊಡೆಯ ಮೇಲೆ ಕೂರಿಸಿದಳು. ಆ ಮಗು ಇವಳನ್ನು ನಾಹ್ ಎಂದು, ಅಂದರೆ ಚಿಕ್ಕಮ್ಮ ಎಂದು ಕರೆಯತೊಡಗಿತು. ಆ ಒಂದು ಕರೆಗೆ ತೊರಾಲಿ ಏನು ಬೇಕಾದರೂ ಕೊಡುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಇಬಾ ಊಟ ಬಿಟ್ಟಿತು. ನೆಲಕ್ಕೆ ಕಿವಿ ಹಚ್ಚಿ ಮಲಗಿ, ಯಾರೋ ಕೂಗುತ್ತಿದ್ದಾರೆ ಎನ್ನುತ್ತಿತ್ತು. ಡಾಕ್ಟರುಗಳಿಗೆ ಏನೂ ಸಿಗಲಿಲ್ಲ. ಮಗು ಕಡ್ಡಿಯಾಯಿತು. ಅದೇ ದಿನಗಳಲ್ಲಿ ಐದಾಲಿನ್ ಒಮ್ಮೆ ಇವಳ ಕೈ ಹಿಡಿದು, "ನೀನು ನಮ್ಮ ಮನೆ ಮಗಳಾಗ್ತೀಯಾ?" ಎಂದಳು. ತೊರಾಲಿ ಅತ್ತೇಬಿಟ್ಟಳು.

ಶಾಸ್ತ್ರ ನಡೆಯಿತು. ಐದಾಲಿನ್‌ಳ ತಾಯಿ ಅಕ್ಕಿ ಹಿಟ್ಟು, ಒಣಮೀನು ಇಟ್ಟು, ಸೋರೆಬುರುಡೆಯಿಂದ ಅಕ್ಕಿ ಹೆಂಡ ಸುರಿಯುತ್ತಾ ಒಂದೊಂದೇ ಹೆಸರು ಹೇಳುತ್ತಾ ಹೋದಳು. ಕೊನೆಯ ಹನಿ ಬುರುಡೆಯ ಬಾಯಲ್ಲಿ ಅಂಟಿಕೊಂಡು ತಡವಾಗಿ ಬಿದ್ದದ್ದು ಲಾರಿಹುನ್ ಎಂಬ ಹೆಸರಿಗೆ. ಹನಿ ತಡೆದ ಹೆಸರೇ ನಿಲ್ಲುವುದು ನಮ್ಮ ರೂಢಿ, ಅಂದಿನಿಂದ ಅವಳು ಲಾರಿಹುನ್. ಒಂದೇ ಒಂದು ಚುಚ್ಚು ಉಳಿಯಿತು. ಕಿರ್ಶಾನ್‌ನನ್ನು ಅವಳು ಮನಸಾರೆ ಇಷ್ಟಪಟ್ಟಿದ್ದಳು. ಒಂದೇ ಕುಲವಾದ ಮೇಲೆ ಅವನು ಅಣ್ಣ, ಆ ಮಾತು ಅಲ್ಲಿಗೆ ಮುಗಿಯಿತು. ಅವನು ಕೂಡಲೇ ಒಪ್ಪಿಕೊಂಡಿದ್ದ. ಇರಲಿ, ಮನೆ ಸಿಕ್ಕಿತಲ್ಲ, ಅಂದುಕೊಂಡಳು.

ಗಾಡಿ ನಿಂತಲ್ಲಿಂದ ಕುಲದ ಕಾಡಿನೊಳಗೆ ನಡಿಗೆ. ಮರಗಳು ಒತ್ತಿಕೊಂಡಿದ್ದವು, ಹಕ್ಕಿಯ ಸದ್ದಿರಲಿಲ್ಲ. ಗುಂಡಿ ಇದ್ದಕ್ಕಿದ್ದಂತೆ ಎದುರಾಯಿತು. ಸುಣ್ಣಕಲ್ಲಿನ ದುಂಡನೆಯ ಬಾಯಿ, ಸುತ್ತ ಜರಿಗಿಡ, ನಡುವೆ ಕಪ್ಪು. ಕೆಳಗಿನಿಂದ ತಣ್ಣನೆಯ ಗಾಳಿ ಮೇಲೇಳುತ್ತಿತ್ತು. ಅದರಲ್ಲಿ ಹುಳಿತ ಹೆಂಡದ ವಾಸನೆ.

ಕಿರ್ಶಾನ್ ದೊಡ್ಡ ಮರಕ್ಕೆ ಹಗ್ಗ ಬಿಗಿದ. ಕಲ್ಲಂಚಿಗೆ ಹಗ್ಗ ಉಜ್ಜದಂತೆ ಗೋಣಿ ಹಾಸಿದ. ಯಾವಾಗಲೂ ಮೊದಲು ಇಳಿಯುವವಳು ಐದಾಲಿನ್. ಇವತ್ತು ಅವಳು ಒಂದು ಚೀಲ ತಂದು ತೊರಾಲಿಯ ಸೊಂಟಕ್ಕೆ ಕಟ್ಟಿದಳು.

"ಮನೆಮಗಳು ಮೊದಲ ಸಲ ಇಳಿಯುವಾಗ ಅವಳೇ ಮೊದಲು. ಇದನ್ನ ಕೆಳಗಿಡಬೇಕು."

ಒಳಗೆ ಬುರುಡೆ, ಹಿಟ್ಟು, ಒಣಮೀನು. "ಯಾರಿಗೆ ಕಾಂಗ್, ಬಾವಲಿಗಳಿಗಾ?" ಎಂದು ತೊರಾಲಿ ನಕ್ಕಳು. ಅಕ್ಕ ಅನ್ನುವುದಕ್ಕೆ ನಾವು ಕಾಂಗ್ ಅನ್ನುತ್ತೇವೆ. ಆ ಕಾಂಗ್ ಇವಳ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿದಳು.

ತೊರಾಲಿ ಅಂಚು ದಾಟಿ ಇಳಿದಳು.

ಮೊದಲು ಜರಿಗಿಡಗಳು, ಆಮೇಲೆ ಒದ್ದೆ ಗೋಡೆ, ಆಮೇಲೆ ಗೋಡೆಯೂ ಇಲ್ಲ. ಬರೀ ಗಾಳಿಯಲ್ಲಿ ಅವಳು ಮೆಲ್ಲನೆ ತಿರುಗುತ್ತಾ ಇಳಿದಳು. ತಲೆಯ ಮೇಲೆ ಬೆಳಕು ಊಟದ ತಟ್ಟೆಯಷ್ಟಾಯಿತು. ನೀರು ತೊಟ್ಟಿಕ್ಕುತ್ತಿತ್ತು. ಅದರ ಜೊತೆ ಇನ್ನೊಂದು ಸದ್ದು, ಹಲ್ಲಿಲ್ಲದ ಬಾಯಿ ಏನನ್ನೋ ಜಗಿಯುವ ಸದ್ದು. ನೀರೇ ಇರಬೇಕು, ಅಂದುಕೊಂಡಳು. ಕಾಲು ನೆಲಕ್ಕೆ ತಾಗಿತು. ಹಗ್ಗ ಬಿಚ್ಚಿಕೊಂಡು, ಮುಂದಿನವರು ಇಳಿಯಬಹುದೆಂದು ತಿಳಿಸಲು ರೂಢಿಯಂತೆ ಕೂಗಿದಳು:

"ಹಗ್ಗ ಖಾಲಿ!"

ಅವಳು ಚೀಲ ಇಳಿಸಲು ಜಾಗ ಹುಡುಕುತ್ತಾ ಟಾರ್ಚು ತಿರುಗಿಸಿದಳು.

ಗೋಡೆಯ ಬುಡದಲ್ಲಿ ಸೋರೆಬುರುಡೆಗಳಿದ್ದವು. ಒಣಗಿದವು, ಒಡೆದವು, ಪಾಚಿ ಹಿಡಿದವು. ಪ್ರತಿಯೊಂದರ ಪಕ್ಕ ಮೂಳೆಗಳ ಒಂದು ಗುಪ್ಪೆ. ಒಂದು ಗುಪ್ಪೆಯಲ್ಲಿ ಬಂಗಾಳಿ ಹೆಂಗಸರ ಶಂಖದ ಬಳೆ. ಇನ್ನೊಂದರಲ್ಲಿ ನಗಾಂವಿನಲ್ಲಿ ಅವಳ ಅಮ್ಮ ಹಾಕುತ್ತಿದ್ದಂಥದೇ ಕಿವಿಯ ಓಲೆ. ಇನ್ನೊಂದರಲ್ಲಿ ಹಸಿರು ಮಣಿ.

ಎಲ್ಲರೂ ಹೊರಗಿನವರು. ಎಲ್ಲರನ್ನೂ ಮಗಳೇ ಎಂದು ಕರೆದಿದ್ದರು. ಆ ಮನೆಯವರು ತಾವು ಹೆತ್ತ ಮಗಳನ್ನು ಒಮ್ಮೆಯೂ ಇಲ್ಲಿಗೆ ಇಳಿಸಿರಲಿಲ್ಲ.

ಹಿಂದೆ ಸರಸರ ಸದ್ದಾಯಿತು. ತಿರುಗಿದಳು. ಹಗ್ಗದ ತುದಿ ಮೇಲೇರುತ್ತಿತ್ತು.

ಓಡಿದಳು. ಹಾರಿದಳು. ಬೆರಳಿಗೆ ಸಿಗಲಿಲ್ಲ.

"ಕಿರ್ಶಾನ್! ಹಗ್ಗ! ಹಗ್ಗ ಬಿಡೋ!"

"ಕೈ ನಿಲ್ಲಿಸ್ಬೇಡ, ಎಳಿ" ಎಂದಿತು ಮೇಲೊಂದು ದನಿ. ಐದಾಲಿನ್. ಗುಂಡಿಯ ಅಂಚಿಗೆ ಅವಳ ತಲೆ ಚುಕ್ಕೆಯಂತೆ ಮೂಡಿತು. ಅವಳು ಅಳುತ್ತಿದ್ದಳು, ಆ ಅಳು ಗೋಡೆಯಿಂದ ಗೋಡೆಗೆ ಬಡಿದು ಕೆಳಗಿಳಿಯಿತು.

"ಅದು ಮನೆಮಗಳನ್ನೇ ಕೇಳೋದು ಕಣೇ. ಇಬಾನ ಕರೀತಿದೆ. ನನ್ನ ಮಗು ಕಣೇ ಅದು. ನಾನೇನು ಮಾಡ್ಲಿ?"

"ನಾನು? ನಾನು ನಿನಗೆ ಯಾರು ಕಾಂಗ್?"

ಐದಾಲಿನ್ ಅಳು ನಿಲ್ಲಿಸಿ, ಗುಂಡಿಗೆ ಕೇಳುವಂತೆ ಒಂದೊಂದೇ ಅಕ್ಷರ ಒತ್ತಿ ಹೇಳಿದಳು: "ಲಾರಿಹುನ್. ನಮ್ಮ ಮನೆಯ ಮಗಳು."

ತೊರಾಲಿಯ ಎದೆ ಒಡೆದದ್ದು ಆಗ. ಹಗ್ಗ ಮೇಲೇರಿದ್ದಕ್ಕಲ್ಲ. ಶಾಸ್ತ್ರಕ್ಕೆ ಹಿಟ್ಟು ಇಟ್ಟ ಆ ಕೈಗಳು, ಬಡಿಸಿದ ಆ ಅನ್ನ, "ನಮ್ಮವಳು" ಎಂದು ನೆರೆಮನೆಯವರಿಗೆಲ್ಲ ತೋರಿಸಿದ್ದು, ಎಲ್ಲವೂ ಕುರಿಗೆ ಸೊಪ್ಪು ಹಾಕಿದ್ದು ಎಂದು ತಿಳಿದದ್ದಕ್ಕೆ.

ಜಗಿಯುವ ಸದ್ದು ನಿಂತಿತು.

ಟಾರ್ಚು ಆರಿತು. ತಟ್ಟಿದಳು. ಹತ್ತಲಿಲ್ಲ. ಹೆಂಡದ ವಾಸನೆ ಮುಖದ ಹತ್ತಿರವೇ ಬಂತು, ಅದರ ಜೊತೆ ಒದ್ದೆ ಕೂದಲ ವಾಸನೆ. ಕತ್ತಲಲ್ಲಿ ಯಾರೋ ಮೆಲ್ಲಗೆ, ಅಕ್ಕರೆಯಿಂದ ಕೇಳಿದರು.

"ಲಾರಿಹುನ್. ಯಾರ ಮಗಳು ನೀನು?"

ಹೆಂಗಸಿನ ದನಿ. ಒಂದಲ್ಲ, ಹಲವು. ಬಂಗಾಳಿಯ ಎಳೆತ, ನೇಪಾಳಿಯ ಎಳೆತ, ಅಮ್ಮನ ಊರಿನ ಎಳೆತ. ಅವಳ ಬಲಗಾಲು ತಾನಾಗಿ ಮುಂದೆ ಸರಿಯಿತು. ಆಮೇಲೆ ಎಡಗಾಲು. ಬಾಯಿ ತೆರೆಯಿತು. ನಾಲಗೆಯ ತುದಿಗೆ ಆ ಕುಲದ ಹೆಸರು ಬಂದು ನಿಂತಿತು. ತುಟಿ ಕಚ್ಚಿದಳು. ರಕ್ತ ಬಂತು.

ಹೊರಗಿನವಳಾಗೇ ಇದ್ದಿದ್ರೆ.

"ನಾನು ತೊರಾಲಿ! ನಗಾಂವಿನ ಬರುವಾ ಮನೆಯವಳು!"

ಕತ್ತಲು ನಕ್ಕಿತು. "ಅವರು ನಿನ್ನ ಬಿಟ್ಟು ಎಷ್ಟು ಕಾಲವಾಯ್ತು, ಕಂದಾ."

ತಣ್ಣನೆಯದೊಂದು ಅವಳ ಮಣಿಕಟ್ಟು ಹಿಡಿಯಿತು. ಬೆರಳಲ್ಲ. ಕೂದಲು. ಜಡೆ ಹೆಣೆದ ಕೂದಲು, ಸುತ್ತುತ್ತಾ ಮೊಣಕೈಗೆ ಬಂತು. ಭುಜಕ್ಕೆ ಬಂತು. ಕುತ್ತಿಗೆಗೆ.

ಇಬಾಳ ಮುಖ ಕಣ್ಣಮುಂದೆ ಬಂತು. ತಾನು ಅಲ್ಲ ಎಂದರೆ ಆ ಮಗು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಅವಳು ಒಪ್ಪಿಕೊಂಡೇಬಿಟ್ಟಿದ್ದಳು. ಅಕ್ಕರೆಯಿಂದ ಕೇಳಿದ್ದರೆ, ಮುಖಕ್ಕೆ ಮುಖ ಕೊಟ್ಟು ಕೇಳಿದ್ದರೆ, ಕೊಡುತ್ತಿದ್ದಳೇನೋ. ಆದರೆ ಯಾರೂ ಕೇಳಿರಲಿಲ್ಲ.

"ನಾನು ಯಾರ ಮಗಳೂ ಅಲ್ಲ!" ಎಂದು ಕಿರುಚಿದಳು. "ನನಗೆ ಕುಲ ಇಲ್ಲ. ಮನೆ ಇಲ್ಲ. ನಾನು ಯಾರಿಗೂ ಏನೂ ಅಲ್ಲ!"

ಅದು ನಿಜವಾಗಿತ್ತು. ಕತ್ತಲಿಗೂ ಗೊತ್ತಾಯಿತು.

ಕೂದಲು ಸಡಿಲಿತು. ಜಾರಿತು. ಬಿಟ್ಟಿತು. ಗೋಡೆಯ ಮೇಲೆ ಏನೋ ಸರಿಯಿತು. ಮೇಲಕ್ಕೆ. ವೇಗವಾಗಿ ಮೇಲಕ್ಕೆ.

"ಕಾಂಗ್! ಹಿಂದೆ ಬಾ! ಕಾಂಗ್!" ಕಿರ್ಶಾನ್‌ನ ಕೂಗು. "ಕೈ ಕೊಡು! ಕೈ!"

ಎಳೆದಿದ್ದ ಹಗ್ಗ ಸರ್ರನೆ ಕೆಳಗೆ ಬಿತ್ತು. ಅವನು ಅಕ್ಕನನ್ನು ಹಿಡಿಯಲು ಅದನ್ನು ಕೈಬಿಟ್ಟಿದ್ದ. ಹಗ್ಗದ ಹಿಂದೆಯೇ ಇನ್ನೊಂದು ಬಿತ್ತು. ಕಿರುಚಲಿಲ್ಲ. ತೊರಾಲಿಯ ಪಕ್ಕದ ಕತ್ತಲಲ್ಲಿ ಬಿತ್ತು. ಜಗಿಯುವ ಸದ್ದು ಮತ್ತೆ ಶುರುವಾಯಿತು.

ಅವಳು ತಿರುಗಿ ನೋಡಲಿಲ್ಲ. ಹಗ್ಗ ತಡವಿದಳು. ಹಗ್ಗ ಹತ್ತುವ ಹಿಡಿಗಳನ್ನು ಸೊಂಟಪಟ್ಟಿಯಿಂದ ತೆಗೆದು ಅದಕ್ಕೆ ಸಿಕ್ಕಿಸಿದಳು. ಹತ್ತಿದಳು. ಕೈ ತರಚಿತು. ಹತ್ತಿದಳು. ತೋಳು ಸತ್ತುಹೋಯಿತು. ಹತ್ತಿದಳು. ಬೆಳಕು ತಟ್ಟೆಯಷ್ಟಾಯಿತು, ಕಿಟಕಿಯಷ್ಟಾಯಿತು, ಬಾಗಿಲಷ್ಟಾಯಿತು.

ಕಿರ್ಶಾನ್ ಅಂಚಿನಲ್ಲಿ ಬೋರಲು ಬಿದ್ದಿದ್ದ. ಉಗುರು ಕಿತ್ತುಹೋಗಿ ಬೆರಳೆಲ್ಲ ರಕ್ತ. ಹೆಲ್ಮೆಟ್ ಕಂಡದ್ದೇ "ಕಾಂಗ್?" ಎಂದು ತಲೆಯೆತ್ತಿದ. ಆಮೇಲೆ ಅವನ ಮುಖ ಬದಲಾಯಿತು.

"ಯಾರು ನೀವು? ನಮ್ಮ ಹಗ್ಗದಲ್ಲಿ ಹೇಗೆ ಬಂದ್ರಿ?"

"ನಾಟಕ ಆಡ್ಬೇಡ." ಅವಳು ಅವನ ಕೊರಳಪಟ್ಟಿ ಹಿಡಿದಳು. "ನೀನೇ ಎಳೆದೆಯಲ್ಲ. ನಿನ್ನ ಕೈಯಾರೆ ಎಳೆದೆಯಲ್ಲ!"

"ನಾನು, ನಮ್ಮಕ್ಕ, ಇಬ್ಬರೇ ಬಂದದ್ದು" ಎಂದ ಅವನು. "ಅಕ್ಕ ಬಿದ್ದುಹೋದಳು. ನಿಮಗೆ ಕೆಳಗೆ ಕಂಡಳಾ? ದಯವಿಟ್ಟು ಹೇಳಿ, ಕಂಡಳಾ?"

ಅವಳು ಅವನ ಕಣ್ಣಲ್ಲಿ ಸುಳ್ಳು ಹುಡುಕಿದಳು. ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಲ್ಲಿ ಅಪರಿಚಿತಳೊಬ್ಬಳನ್ನು ನೋಡುವ ನೋಟವಿತ್ತು, ಅಷ್ಟೇ. ಅವನನ್ನು ಅಲ್ಲೇ ಬಿಟ್ಟು ರಸ್ತೆಗೆ ನಡೆದಳು.

ಟ್ಯಾಕ್ಸಿಯಲ್ಲಿ ಕೂತು ನಗಾಂವಿಗೆ ಫೋನು ಮಾಡಿದಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಚಿಕ್ಕಮ್ಮನ ದನಿ ಬೇಕಾಗಿತ್ತು. "ಯಾವ ತೊರಾಲಿ? ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲಮ್ಮ" ಎಂದು ಆ ಕಡೆಯಿಂದ ಇಟ್ಟುಬಿಟ್ಟರು. ಕಿಟಕಿಯಾಚೆ ಪೈನ್ ಮರಗಳ ಮೇಲೆ ಸಂಜೆ ಬಿಸಿಲು ಇತ್ತು. ಅವಳಿಗೆ ಅಳು ಬರಲಿಲ್ಲ.

ಹೋಗಬಾರದೆಂದುಕೊಂಡೂ ಆ ಮನೆಗೇ ಹೋದಳು. ಮಗು ಬದುಕಿದೆಯೋ ಇಲ್ಲವೋ ಎಂದು ನೋಡದೆ ಅವಳಿಂದ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ. ಯಾರಿಗೂ ಏನೂ ಅಲ್ಲ ಎಂದು ತಾನೇ ಆಡಿದ ಮಾತು ದಾರಿಯುದ್ದಕ್ಕೂ ಎದೆಗೆ ಒತ್ತುತ್ತಿತ್ತು.

ಇಬಾ ಜಗಲಿಯಲ್ಲಿ ಕೂತು ಅನ್ನ ತಿನ್ನುತ್ತಿತ್ತು. ತಿಂಗಳುಗಳಾದ ಮೇಲೆ, ಎರಡೂ ಕೆನ್ನೆ ತುಂಬಿಕೊಂಡು. ಮಂಡಿಯ ಮೇಲೆ, ಗಲ್ಲದ ಮೇಲೆ ಅನ್ನದ ಅಗುಳು. ಒಳಗೆ ಅಜ್ಜಿ ಪಾತ್ರೆ ಸರಿಸುವ ಸದ್ದು. ತೊರಾಲಿ ಗೇಟು ಹಿಡಿದು ಅಲ್ಲೇ ಕುಕ್ಕುರಗಾಲಲ್ಲಿ ಕೂತಳು.

"ಇಬಾ" ಎಂದಳು. "ಚಿನ್ನಾ, ನಾಹ್ ಬಂದಿದೀನಿ."

ಮಗು ಜಗಿಯುವುದನ್ನು ನಿಲ್ಲಿಸಿ ಅವಳ ಮಣ್ಣು ಮೆತ್ತಿದ ಬಟ್ಟೆಯನ್ನೂ ತುಟಿಯ ರಕ್ತವನ್ನೂ ನೋಡಿತು. ಹೆದರಲಿಲ್ಲ. ಒಳ್ಳೆಯ ಮನೆಯ ಮಗು, ಬಂದವರ ಹತ್ತಿರ ಹೇಗೆ ಮಾತಾಡಬೇಕೆಂದು ಅದಕ್ಕೆ ಕಲಿಸಿದ್ದರು. ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತಿತು.

"ಅಮ್ಮ ಮಾಮನ ಜೊತೆ ಗುಹೆ ನೋಡೋಕೆ ಹೋಗಿದಾರೆ. ಇನ್ನೇನು ಬರ್ತಾರೆ, ಕೂತ್ಕೊಳ್ಳಿ" ಎಂದಿತು. ಆಮೇಲೆ ತಲೆ ವಾರೆ ಮಾಡಿ ಕೇಳಿತು:

"ನೀವು ನಮ್ಮಮ್ಮಂಗೆ ಏನಾಗ್ಬೇಕು?"